ಕೈ ತೋರಿಸಿದ ಕಡೆ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಕಮರಿಯ ಒಂಬತ್ತನೇ ತಿರುವಿನಲ್ಲಿ, ಬೆಂಗಾವಲಿನ ಕಯಾಕ್, ಒಬ್ಬನೇ ಕೂರುವ ಕಿರುದೋಣಿ, ಉರುಳಿಬಿದ್ದ ಮರವೊಂದರ ಕೆಳಗೆ ಸಿಕ್ಕಿಕೊಂಡಿತು. ಅದರೊಳಗಿದ್ದವನ ತಲೆ ಐವತ್ತು ಸೆಕೆಂಡು ನೀರಿನ ಕೆಳಗಿತ್ತು. ಐವತ್ತು ಎಂದು ಹೇಳಿದವರು ಪ್ರವಾಸಿಗರ ರಬ್ಬರ್ ದೋಣಿಯಲ್ಲಿ, ಅಂದರೆ ರಾಫ್ಟಿನಲ್ಲಿ, ಇದ್ದ ಹಲ್ಲಿನ ಡಾಕ್ಟರು. ಅವರ ಕೈಯಲ್ಲಿ ಗಡಿಯಾರವಿತ್ತು, ಮಾಡುವುದಕ್ಕೆ ಬೇರೇನೂ ಇರಲಿಲ್ಲ. ರಾಫ್ಟ್ ನಡೆಸುತ್ತಿದ್ದ ಮೇಷ್ಟ್ರನ್ನು ಕೇಳಿದ್ದರೆ ಅರ್ಧ ಗಂಟೆ ಎನ್ನುತ್ತಿದ್ದರು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ವಯಸ್ಸು ಐವತ್ತೊಂದು, ಈ ನದಿಯಲ್ಲಿ ಇಪ್ಪತ್ತಾರು ವರ್ಷ. ಈಗ ಇಲ್ಲಿ ಹುಟ್ಟು ಹಾಕುವ ಗೈಡುಗಳಲ್ಲಿ ಮುಕ್ಕಾಲು ಪಾಲು ಮಂದಿಗೆ ಕಲಿಸಿದವರು ಅವರೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಕಯಾಕಿನಲ್ಲಿದ್ದವನು ಅವರ ಹೆಂಡತಿಯ ತಮ್ಮ. ನೀರಿನಲ್ಲಿ ಎಷ್ಟು ಸುಖವಾಗಿರುತ್ತಿದ್ದನೋ ದಡದಲ್ಲಿ ಅಷ್ಟೇ ವಟಗುಟ್ಟುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಕಪ್ಪೆ.

ಅದು ದಿನದ ಎರಡನೇ ಸುತ್ತು. ಮೇಷ್ಟ್ರಿಗೆ ಬಿಡುವಿಲ್ಲದ ನಲವತ್ತಮೂರನೇ ದಿನ. ಸೀಸನ್ನಿನ ನಡುವೆ ಇಬ್ಬರು ಗೈಡುಗಳು ಕಡಲ ತೀರದಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದು ಹೊರಟುಹೋಗಿದ್ದರು. ಯಾರು ಯಾವಾಗ ನೀರಿಗಿಳಿಯಬೇಕು ಎಂಬ ಪಟ್ಟಿ ಬರೆಯುವುದು ಹಿರಿಯ ಗೈಡಾದ ಮೇಷ್ಟ್ರ ಕೆಲಸ. ಉಳಿದ ಐವರಿಗೂ ಆರು ದಿನಕ್ಕೊಂದು ರಜೆ ತಪ್ಪದಂತೆ ಬರೆದರು. ತಮ್ಮ ಹೆಸರಿನ ಮುಂದೆ ಮಾತ್ರ ‘ನೋಡೋಣ’ ಎಂದು ಪೆನ್ಸಿಲಿನಲ್ಲಿ ಗೀಚಿದರು. ನೋಡುತ್ತಾ ನೋಡುತ್ತಾ ಆರು ವಾರ ಕಳೆದಿತ್ತು. ಬೆರಳ ಸಂದಿಗಳು ನೀರಿಗೆ ಬಿರುಕುಬಿಟ್ಟಿದ್ದವು. ಬಲ ಭುಜ ಎತ್ತಿದರೆ ಒಳಗೆ ಏನೋ ಲಟಕ್ಕೆನ್ನುತ್ತಿತ್ತು. ಮೂರು ದಿನದಿಂದ ಕುತ್ತಿಗೆ ಬೇರೆ ಹಿಡಿದುಕೊಂಡಿತ್ತು. ಯಾರಾದರೂ ಕರೆದರೆ ಕಂಬ ತಿರುಗಿದ ಹಾಗೆ ಇಡೀ ಮೈ ತಿರುಗಿಸಿ ನೋಡಬೇಕಾಗಿತ್ತು.

“ಭಾವ, ನೀವು ಕಣ್ಣು ಬಿಟ್ಕೊಂಡೇ ಗೊರಕೆ ಹೊಡೀತಿದ್ದೀರಲ್ಲ,” ಎಂದಿದ್ದ ಕಪ್ಪೆ, ಅಂದು ಮಧ್ಯಾಹ್ನ ಹೊರಡುವ ಮುಂಚೆ ರಾಫ್ಟಿಗೆ ಗಾಳಿ ತುಂಬುತ್ತಾ.

“ಗಾಳಿ ಹೊಡಿ. ನಿನ್ನ ಬಾಯಿಗಿಂತ ಆ ಪಂಪೇ ವಾಸಿ, ಕೆಲಸಕ್ಕಾದ್ರೂ ಬರತ್ತೆ.”

“ಒಂದು ದಿನ ರಜೆ ಹಾಕಿ ಅಂದ್ರೆ ಕೇಳಲ್ಲ. ಹಿಂದಿನ ಸೀಟು ನಂಗೆ ಬಿಟ್ಕೊಟ್ರೆ ಎಲ್ಲಿ ವಾಪಸ್ ಕೊಡಲ್ವೋ ಅಂತ ಹೊಟ್ಟೇಲಿ ನಡುಕ.”

“ಮೊದ್ಲು ಪರೀಕ್ಷೆ ಪಾಸ್ ಮಾಡು. ಆಮೇಲೆ ಸೀಟು, ಸೋಫಾ ಎಲ್ಲಾ ನಿಂದೇ.”

ಇದು ಬರೀ ತಮಾಷೆಯಾಗಿರಲಿಲ್ಲ. ರಾಫ್ಟಿನ ಹಿಂದಿನ ಸೀಟು ಗೈಡಿನದು. ಅಲ್ಲಿ ಕೂರಬೇಕಾದರೆ ನದಿ ಕಚೇರಿಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಕಪ್ಪೆ ಹನ್ನೊಂದು ವರ್ಷದಿಂದ ಕಯಾಕಿನಲ್ಲಿ ಬೆಂಗಾವಲಾಗಿದ್ದ. ರಾಫ್ಟಿನಿಂದ ಬಿದ್ದವರನ್ನು, ತೇಲಿಹೋದ ಹುಟ್ಟುಗಳನ್ನು, ಒಮ್ಮೆ ಒಬ್ಬರ ಕಟ್ಟಿದ ಹಲ್ಲಿನ ಸೆಟ್ಟನ್ನೂ ಹೆಕ್ಕಿ ತಂದವನು. ಪರೀಕ್ಷೆ ಎರಡು ಸಲ ತಪ್ಪಿಹೋಗಿತ್ತು. ಒಮ್ಮೆ ಅವನ ಅಪ್ಪ ಆಸ್ಪತ್ರೆಯಲ್ಲಿದ್ದರು, ಇನ್ನೊಮ್ಮೆ ಅವನಿಗೇ ಜ್ವರ. ಈಗ ಅವನಿಗೆ ಮೂವತ್ತೆಂಟು ವರ್ಷ ಎಂಟು ತಿಂಗಳು. ಮುಂದಿನ ಸೀಸನ್ನಿನ ಮೊದಲ ವಾರದಲ್ಲಿ ಪರೀಕ್ಷೆಯಿತ್ತು, ಅರ್ಜಿ ಹಾಕಿಯಾಗಿತ್ತು. ನಲವತ್ತು ದಾಟಿದವರಿಗೆ ಮೊದಲ ಲೈಸೆನ್ಸ್ ಕೊಡುವುದಿಲ್ಲ ಎಂಬುದು ನಿಯಮ. ಕಚೇರಿಯ ದಾಖಲೆಯಲ್ಲಿ ಒಬ್ಬನ ಹೆಸರಿನ ಮುಂದೆ ತಪ್ಪು ಎಂದು ಬಿದ್ದರೆ ಎರಡು ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದೂ ನಿಯಮ. ಎರಡನ್ನೂ ಕೂಡಿಸಿ ನೋಡಲು ದೊಡ್ಡ ಗಣಿತವೇನೂ ಬೇಕಿರಲಿಲ್ಲ.

ನದಿಯ ಇನ್ನೊಂದು ನಿಯಮವನ್ನೂ ಇಲ್ಲಿ ಹೇಳಬೇಕು. ನೀರಿನ ಮೊರೆತದಲ್ಲಿ ಹತ್ತು ಅಡಿ ಆಚೆಯ ಮಾತೂ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಕೈಯೇ ಬಾಯಿ. ಆ ಕೈಮಾತಿನ ಮೊದಲ ಪಾಠ: ಅಪಾಯವನ್ನು ತೋರಿಸಬಾರದು, ದಾರಿಯನ್ನು ತೋರಿಸಬೇಕು. ಬಂಡೆ ಎಡಕ್ಕಿದ್ದರೆ ಕೈ ಬಲಕ್ಕೆ. ಊರಿನ ಮನುಷ್ಯ ಹಾವು ಕಂಡರೆ ಹಾವಿನತ್ತ ಬೆರಳು ಚಾಚುತ್ತಾನೆ. ನದಿಯ ಮನುಷ್ಯ ಹಾವಿಲ್ಲದ ಕಡೆ ಚಾಚುತ್ತಾನೆ. ಹಿಂದೆ ಬರುವವನು ಯೋಚಿಸುತ್ತಾ ಕೂರುವ ಹಾಗಿಲ್ಲ. ಕೈ ಹೋದ ಕಡೆಗೆ ಅವನೂ ಹೋಗುತ್ತಾನೆ, ಅಷ್ಟೆ.

ಇದಕ್ಕೆ ಮೇಷ್ಟ್ರು ತಮ್ಮದೂ ಒಂದು ಪಾಠ ಸೇರಿಸಿದ್ದರು. ಈ ಕಮರಿಗೆ ಜನ ಬರುವುದು ನೀರಿಗೆ ಎಷ್ಟೋ ನೋಟಕ್ಕೂ ಅಷ್ಟೇ. ಎರಡೂ ಕಡೆ ಇನ್ನೂರು ಮೀಟರ್ ಎತ್ತರದ ಕೆಂಪು ಗೋಡೆ, ಅದರ ಬಿರುಕುಗಳಲ್ಲಿ ಜೋತುಬಿದ್ದ ಹಸಿರು, ಸಾಲುಸಾಲಾಗಿ ಮಣ್ಣಿನ ಗೂಡು ಕಟ್ಟಿದ ಹಕ್ಕಿಗಳು, ಮೇಲೆ ಸೆರಗಿನ ಅಂಚಿನಷ್ಟಗಲ ಆಕಾಶ. ಗೈಡು ಅದನ್ನೆಲ್ಲ ತೋರಿಸಬೇಕು. ಆದರೆ ನೋಡಲೆಂದು ಚಾಚಿದ ಕೈಯನ್ನು ಹಿಂದಿನ ದೋಣಿಯವನು ಹೋಗಲೆಂದು ತಿಳಿದರೆ ಕಥೆ ಮುಗಿಯಿತು. “ನೋಡೋದಕ್ಕೆ ಗದ್ದ, ಹೋಗೋದಕ್ಕೆ ಕೈ,” ಎಂದು ಅವರು ಪ್ರತಿ ಹೊಸಬನಿಗೂ ಬಾಯಿಪಾಠ ಮಾಡಿಸುತ್ತಿದ್ದರು. ಹೀಗಾಗಿ ಈ ನದಿಯ ಗೈಡುಗಳು ಗೋಡೆ, ಗೂಡು, ಜಲಪಾತ ಎಲ್ಲವನ್ನೂ ಗದ್ದ ಎತ್ತಿ ತೋರಿಸುತ್ತಾರೆ. ಅಭ್ಯಾಸ ಮನೆಗೂ ಬರುತ್ತದೆ. ಊಟಕ್ಕೆ ಕೂತಾಗ ಮೇಷ್ಟ್ರು ಉಪ್ಪಿನ ಕಡೆ ಗದ್ದ ಎತ್ತಿದರೆ ಹೆಂಡತಿ, “ಬಾಯಲ್ಲಿ ಕೇಳಿದ್ರೆ ಮುತ್ತು ಉದುರತ್ತಾ?” ಎನ್ನುತ್ತಿದ್ದಳು.

ಕುತ್ತಿಗೆ ಹಿಡಿದ ಮೇಲೆ ಗದ್ದ ಎತ್ತುವುದು ಕಷ್ಟವಾಯಿತು. ಕೈ ಎತ್ತುವುದು ಅದಕ್ಕಿಂತ ಸುಲಭ.

ಅಂದಿನ ಎರಡನೇ ಸುತ್ತಿನಲ್ಲಿ ಆರು ಜನರಿದ್ದರು. ಹಲ್ಲಿನ ಡಾಕ್ಟರು, ಅವರ ಹೆಂಡತಿ, ಅವರ ಕ್ಲಿನಿಕ್ಕಿನ ನಾಲ್ವರು. ನಾಲ್ಕನೇ ತಿರುವಿನಲ್ಲಿ ಮಲಗಿದ ಒಂಟೆಯಂಥ ಬಂಡೆ ಬಂತು. “ಎಡಕ್ಕೆ ನೋಡಿದ್ರೆ ಒಂಟೆ. ಬಲಕ್ಕೆ ನೋಡಬೇಡಿ, ನಮ್ಮ ಕಂಪನಿ ಯಜಮಾನರ ಥರಾನೇ ಒಂದು ಬಂಡೆ ಇದೆ, ಆಮೇಲೆ ನಗು ತಡೆಯಲ್ಲ,” ಎಂದರು ಮೇಷ್ಟ್ರು. ಐದಾರು ವರ್ಷದಿಂದ ಹೇಳುತ್ತಿದ್ದ ಮಾತು, ಅಂದು ಎರಡನೇ ಸಲ. ಎಲ್ಲರೂ ಬಲಕ್ಕೆ ನೋಡಿ ನಕ್ಕರು. ಒಂಟೆಯನ್ನು ತೋರಿಸಲು ತಮ್ಮ ಕೈ ಮೇಲೆ ಹೋಗಿದ್ದು ಮೇಷ್ಟ್ರಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ತೇಲುತ್ತಿದ್ದ ಕಪ್ಪೆ ಅದನ್ನು ಕಂಡ. ತನ್ನ ಗದ್ದವನ್ನು ಆಕಾಶಕ್ಕೆ ಎತ್ತಿ, “ಗದ್ದ, ಭಾವ, ಗದ್ದ!” ಎಂದು ಅಣಕಿಸಿದ. ಮೇಷ್ಟ್ರು ಹುಟ್ಟಿನಲ್ಲಿ ಅವನ ಮೇಲೆ ನೀರು ಎರಚಿದರು.

ಎಂಟನೇ ರ‍್ಯಾಪಿಡ್ಡಿಗೆ, ಅಂದರೆ ಬಂಡೆಗಳ ನಡುವೆ ನೀರು ಭೋರ್ಗರೆದು ಧುಮುಕುವ ಇಳಿಜಾರಿಗೆ, ಗೈಡುಗಳು ಇಟ್ಟ ಹೆಸರು ಅತ್ತೆಮನೆ. ಒಳಗೆ ಹೋಗುವಾಗ ನಗುನಗುತ್ತಾ ಹೋಗಬಹುದು, ಹೊರಗೆ ಬರುವಾಗ ಮುಖ ಬೇರೆಯಾಗಿರುತ್ತದೆ. ಅಲ್ಲಿ ಡಾಕ್ಟರ ಹೆಂಡತಿಯ ಕೈಯಿಂದ ಹುಟ್ಟು ಜಾರಿತು. ಅದು ಬಂಡೆಗಳ ಸಂದಿಗೆ ಹೋಗಿ ಕೂತದ್ದರಿಂದ ತರಲು ಕಪ್ಪೆ ಹಿಂದೆ ಉಳಿದ. ಸಾಮಾನ್ಯವಾಗಿ ಕಯಾಕ್ ಮುಂದೆ, ರಾಫ್ಟ್ ಹಿಂದೆ. ಈಗ ರಾಫ್ಟ್ ಮುಂದಾಯಿತು.

ಒಂಬತ್ತನೇ ತಿರುವಿನಲ್ಲಿ ನದಿ ಒಂದು ದೊಡ್ಡ ಬಂಡೆಗೆ ಬಡಿದು ಎರಡಾಗಿ ಸೀಳುತ್ತದೆ. ಎಡದ ಸೀಳು ಅಗಲ, ಎಲ್ಲರೂ ಹೋಗುವುದು ಅದರಲ್ಲೇ. ಬಲದ್ದು ಕಿರಿದು, ಆದರೆ ಹೋಗಲಾಗದ್ದೇನಲ್ಲ. ಬೆಳಿಗ್ಗೆ ಹತ್ತೂವರೆಗೆ ಮೇಷ್ಟ್ರು ಎಡದಲ್ಲೇ ಹೋಗಿದ್ದರು. ಆಮೇಲಿನ ಐದೂವರೆ ಗಂಟೆಯಲ್ಲಿ ದಡದ ಮಣ್ಣು ಸಡಿಲವಾಗಿ ಒಂದು ಮರ ಬುಡಸಮೇತ ಉರುಳಿ ಎಡದ ಸೀಳಿಗೆ ಅಡ್ಡಲಾಗಿ ಮಲಗಿತ್ತು. ಕೊಂಬೆಗಳ ನಡುವೆ ನೀರು ಸೋಸಿಕೊಂಡು ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ನದಿಯವರು ಯಾವ ಬಂಡೆಗೂ ಹೆದರದಷ್ಟು ಇಂಥ ಮರಕ್ಕೆ ಹೆದರುತ್ತಾರೆ.

ಮೇಷ್ಟ್ರು ಮೂವತ್ತು ಮೀಟರ್ ದೂರದಿಂದ ಅದನ್ನು ಕಂಡರು. “ಬಲಕ್ಕೆ! ಎಲ್ಲರೂ ಜೋರಾಗಿ!” ಎಂದು ಕೂಗಿ, ನೋಯುವ ಭುಜದ ಮೇಲೆ ಇಡೀ ಮೈಭಾರ ಹಾಕಿ ರಾಫ್ಟನ್ನು ಬಲದ ಸೀಳಿನ ಬಾಯಿಗೆ ತಿರುಗಿಸಿದರು. ಅಲ್ಲೇ ಬಂಡೆಯ ಮರೆಯಲ್ಲಿ ನೀರು ನಿಂತಿರುವ ಜಾಗಕ್ಕೆ ನುಗ್ಗಿಸಿ ನಿಲ್ಲಿಸಿದರು. ಚೆನ್ನಾಗಿ ಮಾಡಿದ ಕೆಲಸ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಕಣ್ಣಿಗೆ ಕತ್ತಲೆ ಬಂದಂತಾಗಿತ್ತು. ತಿರುಗಿ ನೋಡಿದರೆ ಮೇಲಿನ ತಿರುವಿನಿಂದ ಕಪ್ಪೆ ಬರುತ್ತಿದ್ದ, ಹೆಕ್ಕಿದ ಹುಟ್ಟನ್ನು ಕಯಾಕಿನ ಮೇಲೆ ಅಡ್ಡ ಇಟ್ಟುಕೊಂಡು. ದೊಡ್ಡ ಬಂಡೆ ಅಡ್ಡವಿದ್ದುದರಿಂದ ಅವನಿಗೆ ಮರ ಕಾಣುವಂತಿರಲಿಲ್ಲ. ಮೇಷ್ಟ್ರು ಕಾಣುತ್ತಿದ್ದರು.

ಮೇಷ್ಟ್ರ ತಲೆಯಲ್ಲಿ ಆಗ ಇದ್ದದ್ದು ಒಂದೇ: ಮರ. ಕೈ ಎತ್ತಿ ಮರದ ಕಡೆ ಚಾಚಿದರು.

ಕಪ್ಪೆ ಒಂದು ಕ್ಷಣವೂ ಅನುಮಾನಿಸಲಿಲ್ಲ. ತಲೆ ಆಡಿಸಿ, ಕಯಾಕಿನ ಮೂತಿಯನ್ನು ಎಡಕ್ಕೆ ತಿರುಗಿಸಿ, ನಾಲ್ಕು ಬಲವಾದ ಹೊಡೆತ ಹಾಕಿ ನೇರವಾಗಿ ಅದರೊಳಕ್ಕೆ ಹೋದ.

ತಾವು ಮಾಡಿದ್ದೇನೆಂದು ಮೇಷ್ಟ್ರಿಗೆ ತಿಳಿದದ್ದು ಅವನು ಎರಡನೇ ಹೊಡೆತ ಹಾಕುವಾಗ. ಕೈಯನ್ನು ಬಲಕ್ಕೆ ಬೀಸಿದರು, ಕೂಗಿದರು. ಅಷ್ಟರಲ್ಲಿ ಕಪ್ಪೆಯ ಕಣ್ಣು ಮುಂದಿನ ನೀರಿನ ಮೇಲಿತ್ತು.

ಮುಂದಿನದೆಲ್ಲ ಕೈಗಳು ತಾವಾಗಿ ಮಾಡಿದವು. ರಾಫ್ಟನ್ನು ಬಂಡೆಗೆ ಬಿಗಿದು, ಹಗ್ಗದ ಚೀಲ ಹಿಡಿದು, ಬಂಡೆ ಹತ್ತಿ, ಅಲ್ಲಿಂದ ಮರದ ಕಾಂಡದ ಮೇಲೆ ಬೋರಲು ಮಲಗಿ ಕೈ ಇಳಿಬಿಟ್ಟರು. ಲೈಫ್ ಜಾಕೆಟ್ಟಿನ ಭುಜಪಟ್ಟಿ ಕೈಗೆ ಸಿಕ್ಕಿತು. ಎಳೆದರು, ಬರಲಿಲ್ಲ. ಮತ್ತೆ ಎಳೆದರು, ಪಟ್ಟಿ ಹರಿಯಿತು. ಆ ಎಳೆತಕ್ಕೋ ನೀರಿನ ಒತ್ತಡಕ್ಕೋ ಕಪ್ಪೆ ಕಯಾಕಿನಿಂದ ಕಳಚಿಕೊಂಡು, ಕೊಂಬೆಗಳ ಕೆಳಗೆ ಉಜ್ಜಿಕೊಂಡು, ಮರದ ಆಚೆ ಬದಿಯಲ್ಲಿ ಮೇಲೆದ್ದ. ಮೇಷ್ಟ್ರು ಎಸೆದ ಹಗ್ಗವನ್ನು ಒಂದೇ ಕೈಯಲ್ಲಿ ಹಿಡಿದ. ಇನ್ನೊಂದು ಕೈ ಮೇಲೆ ಬರಲಿಲ್ಲ.

ಕಮರಿಗೆ ರಸ್ತೆಯಿಲ್ಲ. ಇಳಿಯುವ ಕಟ್ಟೆಗೆ ಇನ್ನೂ ನಾಲ್ಕು ಕಿಲೋಮೀಟರ್. ಕಪ್ಪೆಯನ್ನು ರಾಫ್ಟಿನ ನಡುವೆ ಮಲಗಿಸಿ ಡಾಕ್ಟರು, ಅವರ ಮನೆಯವರು, ಕ್ಲಿನಿಕ್ಕಿನವರು ಹುಟ್ಟು ಹಾಕಿದರು. ಗೋಡೆಗಳು ಕೆಂಪಾಗಿಯೇ ಇದ್ದವು, ಹಕ್ಕಿಗಳು ಗೂಡಿಗೆ ಮರಳುತ್ತಿದ್ದವು. ಯಾರೂ ಮೇಲೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಏಳು ಗಂಟೆಗೆ ಕಪ್ಪೆಯನ್ನು ನೋಡಲು ಬಿಟ್ಟರು. ಕತ್ತಿನ ಬಳಿಯ ಮೂಳೆ ಮುರಿದಿತ್ತು, ಎರಡು ಪಕ್ಕೆಲುಬು ಬಿರುಕುಬಿಟ್ಟಿದ್ದವು. ಮೂರು ತಿಂಗಳು ಹುಟ್ಟು ಮುಟ್ಟುವಂತಿಲ್ಲ, ಆಮೇಲೆ ತೊಂದರೆಯಿಲ್ಲ ಎಂದರು. ಅಕ್ಕ ಮಂಚದ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ಗಂಡ ಬಂದದ್ದು ಕಂಡು ಫ್ಲಾಸ್ಕಿಗೆ ಬಿಸಿನೀರು ತರಲು ಎದ್ದು ಹೋದಳು.

“ಮುಖ ಯಾಕ್ ಹಾಗೆ ಮಾಡ್ಕೊಂಡಿದ್ದೀರಾ ಭಾವ? ನಾನು ಸತ್ತಿಲ್ಲ. ಡಾಕ್ಟ್ರು ಎರಡೆರಡು ಸಲ ನೋಡಿ ಖಾತ್ರಿ ಮಾಡ್ಕೊಂಡಿದ್ದಾರೆ.”

“ನೋವಿದ್ಯೇನೋ?”

“ನಕ್ಕಾಗ ಮಾತ್ರ. ನೀವು ಬಂದ್ರಲ್ಲ, ಇನ್ನು ಆ ಭಯ ಇಲ್ಲ.”

ಮೇಷ್ಟ್ರು ಮಂಚದ ಕಬ್ಬಿಣದ ಪಟ್ಟಿ ಹಿಡಿದು ನಿಂತರು. ಕೂತರೆ ಮತ್ತೆ ಏಳಲಾರೆ ಎನ್ನಿಸುತ್ತಿತ್ತು.

“ತಪ್ಪು ನಂದೇ ಭಾವ,” ಎಂದ ಕಪ್ಪೆ, ಸೂರು ನೋಡುತ್ತಾ. “ನೀವು ಬಲಕ್ಕೆ ತೋರಿಸಿದ್ರಿ ಅಲ್ವಾ? ನಂಗೆ ಎಡ ಅಂತ ಕಾಣಿಸ್ತು. ಎದುರು ಬಿಸಿಲಿತ್ತು.”

ಒಂಬತ್ತನೇ ತಿರುವಿಗೆ ಬಿಸಿಲು ಬರುವುದು ಹನ್ನೊಂದರಿಂದ ಎರಡರವರೆಗೆ. ನಾಲ್ಕು ಗಂಟೆಗೆ ಅಲ್ಲಿ ಪೂರ್ತಿ ನೆರಳು. ಮೇಷ್ಟ್ರಿಗೆ ಅದು ಗೊತ್ತಿತ್ತು. ಹನ್ನೊಂದು ವರ್ಷ ಅಲ್ಲೇ ಈಜಿದವನಿಗೆ ಗೊತ್ತಿಲ್ಲದೆ ಇರಲಿಲ್ಲ.

“ಅದು...” ಎಂದರು ಮೇಷ್ಟ್ರು. ನರ್ಸ್ ಬಂದು ಸಮಯ ಮುಗಿಯಿತು ಎಂದಳು. ಇನ್ನೆರಡು ನಿಮಿಷ ಕೊಡಿ ಎಂದಿದ್ದರೆ ಕೊಡುತ್ತಿದ್ದಳೇನೋ. ಅವರು ಕೇಳಲಿಲ್ಲ. “ನಾಳೆ ಮಾತಾಡೋಣ, ಮಲಗು,” ಎಂದು ಹೊರಬಂದರು. ಮನೆಗೆ ಹೋಗಿ ಹಾಸಿಗೆಗೆ ಬಿದ್ದ ತಕ್ಷಣ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಅದಕ್ಕೇ ನಾಚಿಕೆಯಾಯಿತು.

ಎಂಟೂವರೆಗೆ ಅವರು ಸಾಮಾನಿನ ಕೋಣೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕಂಪನಿಯ ಲೈಫ್ ಜಾಕೆಟ್ಟುಗಳನ್ನು ಸರಿಮಾಡುವುದು, ಪಟ್ಟಿ ಹಾಕುವುದು, ರಬ್ಬರ್ ಬಟ್ಟೆಗೆ ತೇಪೆ ಅಂಟಿಸುವುದು ಅವಳ ಕೆಲಸ. ಗೋಡೆಯುದ್ದಕ್ಕೂ ಮೊಳೆಗಳಿಗೆ ನಂಬರು ಹಾಕಿದ ಹೆಲ್ಮೆಟ್ಟುಗಳು. ಕೋಣೆಗೆಲ್ಲ ಒದ್ದೆ ಬಟ್ಟೆಯ, ಅಂಟಿನ ವಾಸನೆ. ಯಂತ್ರದ ಮೇಲಿದ್ದದ್ದು ತಮ್ಮನ ಜಾಕೆಟ್, ಭುಜಪಟ್ಟಿ ಹರಿದದ್ದು.

ಹಿಂದೆಯೇ ಯಜಮಾನರು ಬಂದರು. ಅವರು ಮೊದಲು ಸಭೆ-ಸಮಾರಂಭಗಳಿಗೆ ಕುರ್ಚಿ ಬಾಡಿಗೆಗೆ ಕೊಡುತ್ತಿದ್ದವರು. ರಾಫ್ಟುಗಳನ್ನು ಕೊಂಡು ಏಳು ವರ್ಷವಾಗಿದ್ದರೂ ಒಂದರಲ್ಲೂ ಕೂತಿರಲಿಲ್ಲ. ನೀರು ಕಂಡರೆ ಅವರಿಗೆ ತಲೆ ತಿರುಗುತ್ತದೆ. ಕೆಟ್ಟ ಮನುಷ್ಯರೇನಲ್ಲ, ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಓಡಾಡಿ ಅವರ ಕಣ್ಣೂ ಕೆಂಪಾಗಿದ್ದವು.

“ಮೇಷ್ಟ್ರೇ, ಹನ್ನೊಂದಕ್ಕೆ ನದಿ ಕಚೇರಿ ಇನ್ಸ್‌ಪೆಕ್ಟ್ರು ಬರ್ತಾರೆ. ನೀವೇನೂ ಚಿಂತೆ ಮಾಡ್ಬೇಡಿ, ಎಲ್ಲಾ ಸಲೀಸಾಗಿ ಆಗ್ಬಿಟ್ಟಿದೆ. ಹಲ್ಲಿನ ಡಾಕ್ಟ್ರು ಎಂಥಾ ಒಳ್ಳೆ ಮನುಷ್ಯ ಅಂತೀರಾ! ಹೋಗೋ ಮುಂಚೆ ಕಾಗದ ಬರ್ದು ಕೊಟ್ಟಿದ್ದಾರೆ. ಅಕ್ಷರ ನೋಡಿ, ಡಾಕ್ಟ್ರು ಅಂತ ಯಾರೂ ನಂಬಲ್ಲ.” ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. “‘ನಮ್ಮ ಗೈಡ್ ಸಮಯಪ್ರಜ್ಞೆಯಿಂದ ರಾಫ್ಟನ್ನು ಬಲಕ್ಕೆ ತಂದು ನಮ್ಮೆಲ್ಲರ ಜೀವ ಉಳಿಸಿದರು. ಅಷ್ಟೇ ಅಲ್ಲದೆ, ಹಿಂದೆ ಬರುತ್ತಿದ್ದ ಕಯಾಕಿನವರಿಗೆ ಬಿದ್ದ ಮರವನ್ನು ಕೈ ಚಾಚಿ ಸ್ಪಷ್ಟವಾಗಿ ತೋರಿಸಿದರು. ಆದರೂ ಆತ ನೇರವಾಗಿ ಅದರತ್ತಲೇ ಹೋದದ್ದು ನಮಗೆ ಆಶ್ಚರ್ಯ ತಂದಿತು.’ ಆರು ಜನಾನೂ ಸೈನ್ ಹಾಕಿದ್ದಾರೆ!”

ಹೊಲಿಗೆ ಯಂತ್ರ ನಿಂತಿತು.

“ಆಮೇಲೆ ಇದು ಕಚೇರಿ ಫಾರಂ. ‘ಕಾರಣ: ಕಯಾಕ್ ನಡೆಸುವವನು ಸನ್ನೆಯನ್ನು ತಪ್ಪಾಗಿ ತಿಳಿದದ್ದು.’ ಬೆಳಿಗ್ಗೆ ತಗೊಂಡು ಹೋಗಿದ್ದೆ, ಪಾಪ, ಅವನೇ ಹಾಗೆ ಬರೀರಿ ಅಂದ. ಎಡಗೈಯಲ್ಲಿ ಸೈನ್ ಹಾಕಿದ್ದಾನೆ. ಕೆಳಗೆ ನೀವೊಂದು ಹಾಕಿದ್ರೆ ಮುಗೀತು.” ಫಾರಂ, ಕಾಗದ ಎರಡನ್ನೂ ಕತ್ತರಿಯ ಪಕ್ಕ ಇಟ್ಟು ಯಜಮಾನರು ಹೋದರು.

ಕಪ್ಪೆಯ ಸಹಿ ಇರುವೆ ಹರಿದ ಹಾಗಿತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡಿದರು. ಸಹಿ ಹಾಕುವುದು ಎಷ್ಟು ಸುಲಭ ಎನ್ನಿಸಿತು. ಪೆನ್ನು ಜೇಬಿನಲ್ಲೇ ಇತ್ತು. ಸುಳ್ಳು ಹೇಳುವ ಆಸೆಯೇನೂ ಅವರಿಗಿರಲಿಲ್ಲ. ಇನ್ನೊಂದು ಮಾತಾಡುವ ಶಕ್ತಿ ಇರಲಿಲ್ಲ, ಅಷ್ಟೆ. ಆರು ಜನ ಸಾಕ್ಷಿ ಹೇಳಿದ್ದಾರೆ, ಪೆಟ್ಟು ತಿಂದವನೇ ಒಪ್ಪಿಕೊಂಡಿದ್ದಾನೆ. ಜಗತ್ತೇ ಕೂಡಿ ಹಾಸಿಗೆ ಹಾಸಿಕೊಟ್ಟಿತ್ತು, ಮಲಗುವುದೊಂದು ಬಾಕಿ.

“ಆ ಡಾಕ್ಟ್ರ ಕಾಗದ ಇನ್ನೊಂದ್ಸಲ ಓದ್ರೀ,” ಎಂದಳು ಹೆಂಡತಿ.

“ಕೇಳಿಸ್ಕೊಂಡ್ಯಲ್ಲ.”

“ಮರ ತೋರಿಸಿದ್ರಾ?”

ಅವಳು ಆತುರ ಮಾಡಲಿಲ್ಲ. ಸೂಜಿಯಿಂದ ದಾರ ತೆಗೆದು ಮತ್ತೆ ಪೋಣಿಸಿದಳು.

“ತೋರಿಸ್ದೆ,” ಎಂದರು.

“ನಿನ್ನೆ ನಂಗೂ ಬಿಸಿಲು ಅಂತಲೇ ಹೇಳಿದ. ಆ ಹೊತ್ತಲ್ಲಿ ಅಲ್ಲೆಲ್ಲಿಂದ ಬಂತು ಬಿಸಿಲು ಅಂತ ರಾತ್ರಿಯೆಲ್ಲ ತಲೆ ಕೆಡಿಸ್ಕೊಂಡೆ.”

“ಸುಸ್ತಾಗಿತ್ತು ಕಣೇ.”

“ಗೊತ್ತು. ದಿನಾ ಒದ್ದೆ ಬೂಟು ಬಿಚ್ಚೋವಾಗ ನೋಡ್ತೀನಲ್ಲ. ಸುಸ್ತಾಗಿರೋರು ಮನೇಲಿ ಬಿದ್ಕೋಬೇಕು. ನಾನು ಹೇಳಿದ್ರೆ ಕೇಳಿದ್ರಾ? ನೀವೊಬ್ರು ಇಲ್ದಿದ್ರೆ ನದಿ ಹರಿಯೋದು ನಿಲ್ಲತ್ತಾ?”

“ಲೈಸೆನ್ಸ್ ಹೋದ್ರೆ ನಾನೇನ್ ಮಾಡ್ಲಿ? ಇಪ್ಪತ್ತಾರು ವರ್ಷ ಬೇರೆ ಏನೂ ಕಲೀಲಿಲ್ಲ.”

“ಅವನೂ ಕಲೀಲಿಲ್ಲ.”

ಮೇಷ್ಟ್ರು ಹರಿದ ಪಟ್ಟಿಯನ್ನು ಬೆರಳಲ್ಲಿ ತೀಡಿದರು. “ಅವನು ನಂಗೋಸ್ಕರ ಹೀಗೆ ಹೇಳ್ತಿದ್ದಾನೆ ಅಂತೀಯಾ?”

“ಅವನಿಗೆ ನೆನಪಿಲ್ವೋ, ಬೇಕಂತ ಹೇಳ್ತಿದ್ದಾನೋ, ನಂಗೇನು ಗೊತ್ತು? ನೀರು ಕುಡಿದು ತಲೆ ಮಂಕಾಗಿರ್ಬಹುದು. ನಿಮಗಂತೂ ನೆನಪಿದೆಯಲ್ಲ.” ಅವಳು ಪೆಡಲಿನ ಮೇಲೆ ಕಾಲಿಟ್ಟಳು. “ಹೀಗೆ ಮಾಡಿ ಹಾಗೆ ಮಾಡಿ ಅಂತ ನಾನು ಹೇಳಲ್ಲ. ಅವನು ನನ್ನ ತಮ್ಮ, ನೀವು ನನ್ನ ಗಂಡ. ನನ್ನ ಬಾಯಿಂದ ಹೊರಡಿಸ್ಬೇಡಿ.” ಯಂತ್ರ ಮತ್ತೆ ಸದ್ದು ಮಾಡಿತು. ಅವರು ಎದ್ದು ಹೋಗುವವರೆಗೂ ಅವಳು ತಲೆ ಎತ್ತಲಿಲ್ಲ.

ಇನ್ಸ್‌ಪೆಕ್ಟರ್ ಬಂದದ್ದು ಹನ್ನೊಂದೂಕಾಲಿಗೆ. ಐವತ್ತೈದು ದಾಟಿದ ಹೆಂಗಸು, ಒಂದು ಕಾಲು ಸ್ವಲ್ಪ ಎಳೆಯುತ್ತದೆ. ಕಚೇರಿ ಸೇರುವ ಮುಂಚೆ ಅವರೂ ಹದಿನೈದು ವರ್ಷ ಕಯಾಕ್ ನಡೆಸಿದವರು. ಯಜಮಾನರ ಕೋಣೆಯಲ್ಲಿ ಕೂತು ನೀರು ಕುಡಿದು ಫೈಲಿಗೆ ಕೈ ಚಾಚಿದರು.

“ಮೇಡಂ, ಅದನ್ನ ಓದೋ ಮುಂಚೆ,” ಎಂದರು ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು. “ಫಾರಮ್ಮಲ್ಲಿ ಇರೋದು ಸರಿಯಿಲ್ಲ. ಹುಡುಗ ಸನ್ನೆ ಸರಿಯಾಗೇ ನೋಡ್ದ. ಸರಿಯಾಗೇ ಹೋದ. ನಾನು ಮರಕ್ಕೆ ಕೈ ತೋರಿಸ್ದೆ.”

ಇನ್ಸ್‌ಪೆಕ್ಟರ್ ಫೈಲು ತೆರೆಯಲಿಲ್ಲ.

“ಅಲ್ಲ ಮೇಷ್ಟ್ರೇ, ಅದನ್ನೇ ಅಲ್ವಾ ಡಾಕ್ಟ್ರೂ ಬರ್ದಿರೋದು?” ಎಂದರು ಯಜಮಾನರು ಗಾಬರಿಯಾಗಿ. “ಮರ ತೋರಿಸಿದ್ದು ಒಳ್ಳೇದೇ ಅಲ್ವಾ ಮೇಡಂ? ಅಷ್ಟು ಸ್ಪಷ್ಟವಾಗಿ ತೋರಿಸಿದ್ರೂ ಅವನು ಹೋಗಿ ಬಿದ್ರೆ ಇವರೇನು ಮಾಡೋಕಾಗತ್ತೆ?”

“ನೀವು ರಾಫ್ಟಲ್ಲಿ ಕೂತಿದ್ದೀರಾ?”

“ನಂಗೆ ತಲೆ ಸುತ್ತತ್ತೆ ಮೇಡಂ.”

“ಒಂದ್ಸಲ ಕೂತ್ಕೊಳ್ಳಿ,” ಎಂದು ಅವರು ಫೈಲು ತೆರೆದು ಡಾಕ್ಟರ ಕಾಗದವನ್ನು ಓದಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು. ಕನ್ನಡಕ ತೆಗೆದು ಮೇಷ್ಟ್ರನ್ನು ನೋಡಿದರು. “ನೀವು ಹೇಳದೇ ಇದ್ರೂ ಇಲ್ಲೇ ಇದೆ.”

“ಇರಬಹುದು ಮೇಡಂ. ನಾನೇ ಹೇಳ್ಬೇಕಿತ್ತು.”

“ಎಷ್ಟು ದಿನದಿಂದ ನೀರಲ್ಲಿದ್ದೀರಾ?”

“ನಿನ್ನೆಗೆ ನಲವತ್ತಮೂರು.”

ಯಜಮಾನರು ಕುರ್ಚಿಯಲ್ಲಿ ಹೊರಳಿದರು. “ಆರು ದಿನಕ್ಕೊಂದು ರಜೆ ಕಡ್ಡಾಯ ಅಂತ ನಿಮಗೆ ಗೊತ್ತಿಲ್ವಾ?” ಎಂದು ಇನ್ಸ್‌ಪೆಕ್ಟರ್ ಅವರನ್ನು ಕೇಳಿ, ಮತ್ತೆ ಮೇಷ್ಟ್ರತ್ತ ತಿರುಗಿದರು. “ಪಟ್ಟಿ ಬರೆಯೋರು ಯಾರು?”

“ನಾನೇ.”

“ಹಾಗಾದ್ರೆ ಅದೂ ನಿಮ್ಮದೇ. ಯಜಮಾನರಿಗೆ ನೋಟಿಸ್ ಬೇರೆ ಬರತ್ತೆ.” ದನಿಯಲ್ಲಿ ಕೋಪವಿರಲಿಲ್ಲ, ಕನಿಕರವೂ ಇರಲಿಲ್ಲ. ಹೊಸ ಫಾರಂ ತೆಗೆದು ಮೇಜಿನ ಮೇಲಿಟ್ಟರು. “ಕೂತ್ಕೊಂಡು ಬರೀರಿ. ಹೇಳಿದ್ದನ್ನೇ ಬರೀರಿ, ಸುಸ್ತಿನ ಕಥೆ ಜಾಸ್ತಿ ಬೇಡ. ಅದು ಎಲ್ಲರಿಗೂ ಇರತ್ತೆ.”

ಮೇಷ್ಟ್ರು ಬರೆದರು. ಬಿರುಕುಬಿಟ್ಟ ಬೆರಳಿಗೆ ಪೆನ್ನು ಚುಚ್ಚುತ್ತಿತ್ತು. ಐದು ಸಾಲಿನಲ್ಲಿ ಮುಗಿಯಿತು. ‘ಕಾರಣ’ ಎಂಬ ಕಡೆ ತಮ್ಮ ಹೆಸರನ್ನೂ ಲೈಸೆನ್ಸ್ ನಂಬರನ್ನೂ ಬರೆದು ಸಹಿ ಹಾಕಿದರು. ಇನ್ಸ್‌ಪೆಕ್ಟರ್ ಕಪ್ಪೆಯ ಸಹಿಯಿದ್ದ ಹಳೆಯ ಫಾರಮ್ಮಿನ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ರದ್ದು ಎಂದು ಬರೆದರು.

ಮಧ್ಯಾಹ್ನ ಮೇಷ್ಟ್ರು ಆಸ್ಪತ್ರೆಗೆ ಹೋಗಿ ವಿಷಯ ತಿಳಿಸಿದರು.

“ನಿಮಗೆ ಯಾರು ಹೇಳಿದ್ರು ಬಾಯಿ ಬಿಡೋಕೆ?” ಎಂದ ಕಪ್ಪೆ. “ನಾನು ನೋಡ್ಕೋತಿದ್ದೆ.”

“ಏನು ನೋಡ್ಕೋತಿದ್ದೆ? ಬಿಸಿಲನ್ನಾ?”

ಕಪ್ಪೆಗೆ ನಗು ಬಂತು. ಪಕ್ಕೆ ಹಿಡಿದುಕೊಂಡು, “ನಗಿಸ್ಬೇಡಿ ಅಂತ ಡಾಕ್ಟ್ರು ಹೇಳಿದ್ದಾರೆ,” ಎಂದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ. ಮೇಷ್ಟ್ರು ಅಕ್ಕನ ಕುರ್ಚಿಯಲ್ಲಿ ಕೂತರು, ಕೂತಲ್ಲೇ ತೂಕಡಿಸಿದರು. ಮೂರು ಗಂಟೆಗೆ ನರ್ಸ್ ಬಂದು ಎಬ್ಬಿಸಿದಾಗಲೂ ಅವನು ಅದೇ ಗೋಡೆ ನೋಡುತ್ತಿದ್ದ.

ಮರ ಕಡಿದು ತೆಗೆಯಲು ಎರಡು ದಿನ ನದಿ ಮುಚ್ಚಿತ್ತು. ಮೂರನೇ ದಿನ ಕಚೇರಿಯಿಂದ ಆದೇಶ ಬಂತು: ಮೇಷ್ಟ್ರ ಲೈಸೆನ್ಸ್ ರದ್ದು, ಮತ್ತೆ ಬೇಕಾದರೆ ಮುಂದಿನ ಸೀಸನ್ನಿನ ಪರೀಕ್ಷೆಗೆ ಹೊಸಬರ ಜೊತೆ ಕೂರಬೇಕು. ಹಿಂದೆ ಲೈಸೆನ್ಸ್ ಇದ್ದವರಾದ್ದರಿಂದ ವಯಸ್ಸಿನ ಮಿತಿ ಅನ್ವಯಿಸದು. ಬೆಂಗಾವಲಿನವನ ಮೇಲೆ ಯಾವ ತಪ್ಪೂ ದಾಖಲಾಗಿಲ್ಲ. ಸೀಸನ್ನಿನ ಉಳಿದ ಹದಿನೇಳು ದಿನ ಮೇಷ್ಟ್ರು ಕಂಪನಿಯ ವ್ಯಾನ್ ಓಡಿಸಿದರು.

ಮುಂದಿನ ಸೀಸನ್ನಿನ ಪರೀಕ್ಷೆಗೆ ಹನ್ನೊಂದು ಮಂದಿ ಬಂದಿದ್ದರು. ಕಪ್ಪೆಯದು ಮೂರನೇ ನಂಬರು, ಮೇಷ್ಟ್ರದು ಎಂಟನೆಯದು. ಬೆಳಿಗ್ಗೆ ಏಳೂವರೆಗೆ ಮೊದಲ ನಂಬರಿನವರನ್ನು ಕರೆದರು.